ಅಪರ್ಣಾ ಪ್ರಕರಣ: ಮುಖಕ್ಕಿಂತ ಮುಂದೆ ಹೋದ ದನಿ

‘ನಿಲ್ದಾಣ’ ಅಂತ ಒಮ್ಮೆ ಜೋರಾಗಿ ಹೇಳಿ ನೋಡಿ. ನಮ್ಮಲ್ಲಿ ಬಹಳ ಜನ ‘ನಿಲ್ದಾನ’ ಅಂದು ಮುಂದೆ ಹೋಗುತ್ತೇವೆ. ‘ಣ’ ಸರಿಯಾಗಿ ಬರಬೇಕಾದರೆ ನಾಲಿಗೆಯನ್ನು ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗಿಸಬೇಕು. ಅಷ್ಟು ಪುರಸೊತ್ತು ಯಾರಿಗಿದೆ? ಬೆಂಗಳೂರು ಮೆಟ್ರೊದಲ್ಲಿ ‘ಮುಂದಿನ ನಿಲ್ದಾಣ’ ಅನ್ನುವ ದನಿಗೆ ಇತ್ತು. ಆ ‘ಣ’ ಪ್ರತಿ ಸಲ ತುಂಬಿಕೊಂಡೇ ಬರುತ್ತದೆ. ದನಿಯ ಒಡತಿಯ ಹೆಸರಿನ ಕೊನೆಯಲ್ಲೂ ಅದೇ ಅಕ್ಷರ ಇದೆ: ಅಪರ್ಣಾ.

ಪ್ರಕರಣ ಇಷ್ಟು. ಒಬ್ಬ ಹುಡುಗಿ ಪುಟ್ಟಣ್ಣ ಕಣಗಾಲರ ಸಿನಿಮಾದಿಂದ ತೆರೆಗೆ ಬರುತ್ತಾಳೆ. ಕನ್ನಡದಲ್ಲಿ ಅದಕ್ಕಿಂತ ದೊಡ್ಡ ಬಾಗಿಲು ಇರಲಿಲ್ಲ. ಆದರೂ ಸಿನಿಮಾ ಆಕೆಗೆ ಮುಂದೆ ಕೊಟ್ಟಿದ್ದು ಪೋಷಕ ಪಾತ್ರಗಳನ್ನು. ಅಲ್ಲಿಂದ ಪಕ್ಕಕ್ಕೆ ಸರಿದು ದೂರದರ್ಶನ, ಆಕಾಶವಾಣಿ, ಸಭೆ ಸಮಾರಂಭ, ಧಾರಾವಾಹಿ, ಕೊನೆಗೆ ಕಾಮಿಡಿ ಶೋ. ಮೂರು ದಶಕ ದಾಟಿದ ಈ ದಾರಿಯಲ್ಲಿ ಹೆಸರು ತಂದಿದ್ದು ಯಾವುದು, ಅದು ಸಿನಿಮಾದಲ್ಲಿ ಯಾಕೆ ನಡೆಯಲಿಲ್ಲ ಅನ್ನುವುದೇ ನನ್ನ ಪ್ರಶ್ನೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಅಪರ್ಣಾ ಹತ್ತಿರ ಇದ್ದ ಆಸ್ತಿ ದನಿ. ಅವರು ಕಾಲಿಟ್ಟ ಹೊತ್ತಿನಲ್ಲಿ ಕನ್ನಡ ಸಿನಿಮಾದಲ್ಲಿ ನಟಿಯ ದನಿಗೆ ಬೆಲೆಯೇ ಇರಲಿಲ್ಲ.

ದೊಡ್ಡ ಬಾಗಿಲು, ಸಣ್ಣ ಕೋಣೆ

ಅಪರ್ಣಾ ಹುಟ್ಟಿದ್ದು 1966ರ ಅಕ್ಟೋಬರ್ 14ರಂದು. ಚಿಕ್ಕಮಗಳೂರು ಜಿಲ್ಲೆಯ ಮೂಲ. ತಂದೆ ನಾರಾಯಣಸ್ವಾಮಿ ಸಿನಿಮಾ ಪತ್ರಕರ್ತರು. ಹಾಗಾಗಿ ಸಿನಿಮಾ ಮಂದಿಯ ಹೆಸರುಗಳು ಮನೆಗೆ ಹೊಸದೇನೂ ಆಗಿರಲಿಲ್ಲ.

ಪುಟ್ಟಣ್ಣ ಅವರನ್ನು ಆರಿಸಿಕೊಂಡಿದ್ದು ‘ಮಸಣದ ಹೂವು’ ಚಿತ್ರಕ್ಕೆ. ಅಪರ್ಣಾಗೆ ಆಗ ಹೆಚ್ಚೆಂದರೆ ಹದಿನೆಂಟು. ಜೊತೆಯಲ್ಲಿ ಅಂಬರೀಷ್, ಜಯಂತಿ. ಸೂಳೆಗಾರಿಕೆಯ ಲೋಕದ ಕಥೆ. ಹೊಸ ಹುಡುಗಿಗೆ ಸುಲಭದ ಆರಂಭವಂತೂ ಅಲ್ಲ. ಇನ್ನೊಂದು ಮಾತು ಇಲ್ಲಿ ಹೇಳಬೇಕು. ಪುಟ್ಟಣ್ಣ 1972ರಲ್ಲಿ ‘ನಾಗರಹಾವು’ ಚಿತ್ರದ ಜಲೀಲನಾಗಿ ಅಂಬರೀಷರನ್ನು ತೆರೆಗೆ ತಂದವರು. ಕೊನೆಯ ಚಿತ್ರದಲ್ಲೂ ಅದೇ ಅಂಬರೀಷ್ ಇದ್ದರು. ಹಳೆಯ ಶಿಷ್ಯ ಒಂದು ಕಡೆ, ಕೊನೆಯ ಶಿಷ್ಯೆ ಇನ್ನೊಂದು ಕಡೆ.

1985ರ ಜೂನ್ 5ರಂದು ಪುಟ್ಟಣ್ಣ ತೀರಿಕೊಂಡರು. ಚಿತ್ರ ಇನ್ನೂ ಮುಗಿದಿರಲಿಲ್ಲ. ಕೆ.ಎಸ್.ಎಲ್. ಸ್ವಾಮಿ ಉಳಿದ ಕೆಲಸ ಮುಗಿಸಿಕೊಟ್ಟರು. ಅಪರ್ಣಾ ಮಟ್ಟಿಗೆ ಇದು ಎಂಥ ಪೆಟ್ಟು ಅಂತ ಯೋಚಿಸಿ ನೋಡಿ. ಪುಟ್ಟಣ್ಣ ನಟಿಯರನ್ನು ಒಂದೇ ಚಿತ್ರಕ್ಕೆ ಬಿಡುತ್ತಿರಲಿಲ್ಲ. ಕಲ್ಪನಾ, ಆರತಿ ಇವರನ್ನೆಲ್ಲ ಚಿತ್ರದಿಂದ ಚಿತ್ರಕ್ಕೆ ಬೆಳೆಸಿದವರು. ಅಂಥ ಗುರುವಿನ ಎರಡನೇ ಚಿತ್ರ ಅಪರ್ಣಾ ಪಾಲಿಗೆ ಬರಲೇ ಇಲ್ಲ. ಮೊದಲ ಪಾಠದ ದಿನವೇ ಶಾಲೆ ಮುಚ್ಚಿದ ಹಾಗೆ.

ಆಮೇಲಿನ ಐದಾರು ವರ್ಷ ಅವರು ಸಾಕಷ್ಟು ಸಿನಿಮಾ ಮಾಡಿದರು. ರವಿಚಂದ್ರನ್ ಅವರ ‘ಸಂಗ್ರಾಮ’, ವಿಷ್ಣುವರ್ಧನ್ ಅವರ ‘ನಮ್ಮೂರ ರಾಜ’, ಶಿವರಾಜ್‌ಕುಮಾರ್ ಅವರ ‘ಇನ್ಸ್‌ಪೆಕ್ಟರ್ ವಿಕ್ರಮ್’. ಹೆಸರು ನೋಡಿದರೆ ದೊಡ್ಡ ಪಟ್ಟಿ. ಪೋಸ್ಟರ್ ನೋಡಿದರೆ ಅಪರ್ಣಾ ಎಲ್ಲಿ ಅಂತ ಹುಡುಕಬೇಕು. ಚಿತ್ರದ ಹೆಸರುಗಳೇ ಹೇಳುತ್ತವೆ, ಅಲ್ವಾ? ಎಲ್ಲವೂ ನಾಯಕನ ಸುತ್ತ ಹೆಣೆದವು. ಆ ಕಾಲದ ಲೆಕ್ಕ ಅದು. ನಾಯಕ ಒಬ್ಬ, ಹಾಡಿಗೆ ಒಬ್ಬಳು ನಾಯಕಿ, ಉಳಿದ ಹೆಣ್ಣು ಪಾತ್ರಗಳಿಗೆ ನಾಲ್ಕೈದು ದೃಶ್ಯ.

ಇಲ್ಲೇ ದನಿಯ ವಿಷಯ ಬರುವುದು. ಎಂಬತ್ತರ ದಶಕದಲ್ಲಿ ನಾಯಕಿಯರು ಜಾಸ್ತಿ ಬರುತ್ತಿದ್ದದ್ದು ಹೊರಗಿನಿಂದ. ಕೇರಳದ ಅಂಬಿಕಾ, ಹೈದರಾಬಾದಿನ ಮಾಧವಿ, ಹೀಗೆ. ತಪ್ಪೇನಿಲ್ಲ, ಒಳ್ಳೆಯ ನಟಿಯರೇ. ಆದರೆ ಅಂಥವರು ಸೆಟ್ಟಿನಲ್ಲಿ ತುಟಿ ಆಡಿಸಿದರೆ ಸಾಕಿತ್ತು. ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಇಲ್ಲಿನ ಡಬ್ಬಿಂಗ್ ಕಲಾವಿದೆಯೊಬ್ಬರು ಮೈಕ್ ಮುಂದೆ ನಿಂತು ಮಾತು ಕೂರಿಸುತ್ತಿದ್ದರು. ಮುಖ ಒಬ್ಬರದು, ದನಿ ಇನ್ನೊಬ್ಬರದು. ಪ್ರೇಕ್ಷಕರಿಗೂ ಅಭ್ಯಾಸವಾಗಿತ್ತು. ಇಂಥ ಕಡೆ ‘ನನಗೆ ಅಚ್ಚುಕಟ್ಟಾದ ಕನ್ನಡ ಬರುತ್ತದೆ’ ಅನ್ನುವುದು ಅರ್ಹತೆಯೇ ಅಲ್ಲ. ಸಂತೆಯಲ್ಲಿ ಸೊಪ್ಪು ಮಾರುವವರ ಮಧ್ಯೆ ವೀಣೆ ಇಟ್ಟುಕೊಂಡು ಕೂತ ಹಾಗೆ. ವೀಣೆಯಲ್ಲಿ ಕೊರತೆ ಇಲ್ಲ, ಕೊಳ್ಳುವವರು ಸೊಪ್ಪಿಗೆ ಬಂದವರು.

ದೂರದರ್ಶನದ ಕುರ್ಚಿ

ಬೆಂಗಳೂರು ದೂರದರ್ಶನ ಶುರುವಾಗಿದ್ದು 1981ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. 1991ರ ಆಗಸ್ಟ್ 15ಕ್ಕೆ ಕನ್ನಡದ ಉಪಗ್ರಹ ವಾಹಿನಿ ಬಂತು. ಮುಂದೆ ಅದಕ್ಕೇ ‘ಚಂದನ’ ಅನ್ನುವ ಹೆಸರಾಯಿತು. ಕನ್ನಡದ ಮೊದಲ ಖಾಸಗಿ ವಾಹಿನಿ ಉದಯ ಬಂದಿದ್ದು 1994ರಲ್ಲಿ. ಅಲ್ಲಿಯವರೆಗೆ ಕನ್ನಡದ ಮನೆಗಳಿಗೆಲ್ಲ ಇದ್ದದ್ದು ಒಂದೇ ವಾಹಿನಿ. ಹಾಗಾಗಿ ಅದರ ನಿರೂಪಕಿಯರು ನಮಗೆ ಹತ್ತಿರದ ನೆಂಟರಂತೆ. ಅವರು ಉಟ್ಟ ಸೀರೆಯ ಬಗ್ಗೆ ಮರುದಿನ ನಲ್ಲಿ ಹತ್ತಿರ ಮಾತಾಗುತ್ತಿತ್ತು.

ಈಗಿನವರಿಗೆ ‘ಉದ್ಘೋಷಕಿ’ ಅನ್ನುವ ಕೆಲಸ ಏನು ಅಂತ ಬಿಡಿಸಿ ಹೇಳಬೇಕಾಗುತ್ತದೆ. ಎರಡು ಕಾರ್ಯಕ್ರಮಗಳ ನಡುವೆ ತೆರೆಯ ಮೇಲೆ ಒಬ್ಬರು ಕಾಣಿಸಿಕೊಳ್ಳುತ್ತಿದ್ದರು. ಹಿಂದೆ ಒಂದು ಪರದೆ, ಪಕ್ಕದಲ್ಲಿ ಒಂದು ಹೂದಾನಿ. ‘ವೀಕ್ಷಕರಿಗೆ ನಮಸ್ಕಾರ’ ಅಂದು, ಮುಂದೆ ಏನು ಬರುತ್ತದೆ ಅಂತ ಹೇಳಿ ಹೋಗುತ್ತಿದ್ದರು. ಬರೀ ಅರ್ಧ ನಿಮಿಷ. ಸುಮ್ನೆ ಓದಿ ಹೋಗುವ ಕೆಲಸ ಅನ್ನಿಸುತ್ತದೆ. ಆದರೆ ಅಲ್ಲಿ ಎಡಿಟಿಂಗ್ ಇಲ್ಲ, ಹಿನ್ನೆಲೆ ಸಂಗೀತ ಇಲ್ಲ, ಮುಖದ ಮೇಲಿನ ಕ್ಯಾಮೆರಾ ಅಲುಗುವುದಿಲ್ಲ. ಒಂದು ಅಕ್ಷರ ಜಾರಿದರೆ ಇಡೀ ರಾಜ್ಯ ಕೇಳಿಸಿಕೊಳ್ಳುತ್ತದೆ. ಪ್ರಸಾರದಲ್ಲಿ ಅಡಚಣೆ ಆದರೆ ಮತ್ತೆ ಅದೇ ಕುರ್ಚಿಯಿಂದಲೇ, ತಪ್ಪು ತಮ್ಮದಲ್ಲದಿದ್ದರೂ, ನಗುಮುಖದಲ್ಲಿ ವಿಷಾದ ಹೇಳಬೇಕು.

ನಟಿಗೆ ಸಿನಿಮಾದಲ್ಲಿ ಬೇಡವಾಗಿದ್ದ ಸಾಮಾನು ಇಲ್ಲಿ ಚಿನ್ನವಾಯಿತು. ತೊಂಬತ್ತರ ದಶಕದ ಉದ್ದಕ್ಕೂ ಅಪರ್ಣಾ ದೂರದರ್ಶನದ ಮುಖವಾಗಿದ್ದರು. 1993ರ ಸುಮಾರಿಗೆ ಆಕಾಶವಾಣಿಗೂ ಹೋದರು. ಈಗ ರೇನ್‌ಬೋ ಅಂತ ಕರೆಯುವ ಎಫ್‌ಎಂನ ಮೊದಮೊದಲ ನಿರೂಪಕಿ ಅವರು. ರೇಡಿಯೋದಲ್ಲಿ ಮುಖದ ಹಂಗೂ ಇಲ್ಲ. 1998ರ ದೀಪಾವಳಿ ಕಾರ್ಯಕ್ರಮಗಳಲ್ಲಿ ಸತತ ಎಂಟು ಗಂಟೆ ನಿರೂಪಣೆ ಮಾಡಿದ್ದು ಅವರ ದಾಖಲೆ ಅಂತಲೇ ಎಲ್ಲರೂ ನೆನೆಯುತ್ತಾರೆ. ಎಂಟು ಗಂಟೆ! ನಾವು ಒಂದು ಗಂಟೆ ಫೋನಿನಲ್ಲಿ ಮಾತಾಡಿದರೆ ಗಂಟಲು ಕೆರೆಯುತ್ತದೆ.

ಅವರ ಕನ್ನಡದ ಗುಟ್ಟು ಏನು? ‘ಶುದ್ಧ ಕನ್ನಡ’ ಅಂತ ಎಲ್ಲರೂ ಹೊಗಳುತ್ತಾರೆ. ನನಗೆ ಆ ಹೊಗಳಿಕೆ ಸಾಲದು ಅನ್ನಿಸುತ್ತದೆ. ಶುದ್ಧ ಕನ್ನಡ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ಅದರಲ್ಲಿ ಅರ್ಧ ಜನರ ಮಾತು ಗಂಜಿ ಹಾಕಿ ಇಸ್ತ್ರಿ ಮಾಡಿದ ಪಂಚೆಯಂತೆ, ಮಡಚಿದರೆ ಮುರಿಯುತ್ತದೆ. ಅಪರ್ಣಾ ‘ಹ’ ಬರುವ ಕಡೆ ‘ಹ’ ಅನ್ನುತ್ತಿದ್ದರು, ‘ಅ’ ಬರುವ ಕಡೆ ‘ಅ’. ಶ, ಷ, ಸ ಮೂರೂ ಬೇರೆ ಬೇರೆ ಕೇಳಿಸುತ್ತಿದ್ದವು. ಇಷ್ಟಿದ್ದೂ ಅದು ಪಾಠ ಒಪ್ಪಿಸಿದಂತೆ ಇರಲಿಲ್ಲ. ಕಾರಣ, ವಾಕ್ಯದ ಕೊನೆ. ಹೆಚ್ಚಿನ ನಿರೂಪಕರು ವಾಕ್ಯದ ಕೊನೆಯನ್ನು ಎತ್ತರಿಸಿ ನಿಲ್ಲಿಸುತ್ತಾರೆ, ಚಪ್ಪಾಳೆ ಬೇಕು ಅನ್ನುವ ಹಾಗೆ. ಇವರು ಇಳಿಸುತ್ತಿದ್ದರು. ಪಕ್ಕದಲ್ಲಿ ಕೂತವರಿಗೆ ಹೇಳಿದ ಹಾಗೆ. ಹಳೆಯ ತುಣುಕು ಎಲ್ಲಾದರೂ ಸಿಕ್ಕರೆ ಕಣ್ಣು ಮುಚ್ಚಿ ಬರೀ ವಾಕ್ಯದ ಕೊನೆಗಳನ್ನು ಕೇಳಿ.

ಸಚಿವರು ದಾರಿಯಲ್ಲಿದ್ದಾರೆ

ಅಲ್ಲಿಂದ ಸಭೆಗಳ ನಿರೂಪಣೆ. ಸರ್ಕಾರಿ ಸಮಾರಂಭ, ಸಂಗೀತ ಕಾರ್ಯಕ್ರಮ, ಪ್ರಶಸ್ತಿ ಪ್ರದಾನ, ಎಲ್ಲ ಕಡೆ ಇವರೇ. ಇದು ತೆರೆಯ ಬದುಕಿಗೆ ನೇರ ಸೇರುವುದಿಲ್ಲ, ಆದರೂ ಬಿಡಲಾಗುವುದಿಲ್ಲ. ಕರ್ನಾಟಕದಲ್ಲಿ ವೇದಿಕೆ ನಿರೂಪಕಿಯ ನಿಜವಾದ ಕೆಲಸ ಪಟ್ಟಿ ಓದುವುದಲ್ಲ, ಪಟ್ಟಿ ಕೈಕೊಟ್ಟಾಗ ನಿಭಾಯಿಸುವುದು. ಐದು ಗಂಟೆಗೆ ಅಂತ ಅಚ್ಚಾಗಿರುತ್ತದೆ. ಐದೂಮುಕ್ಕಾಲಾದರೂ ಸಚಿವರು ‘ದಾರಿಯಲ್ಲಿದ್ದಾರೆ’. ಜನ ಕುರ್ಚಿ ಎಳೆದಾಡುತ್ತಾರೆ, ಮಕ್ಕಳು ಅಳುತ್ತವೆ. ಆಗ ಮೈಕ್ ಹಿಡಿದು ನಿಂತವರ ತಲೆಯಲ್ಲಿ ಒಂದು ವಚನ, ಒಂದು ಭಾವಗೀತೆಯ ಸಾಲು, ಊರಿನ ಬಗ್ಗೆ ಎರಡು ಮಾತು ತಯಾರಿರಬೇಕು. ಓದು ಇಲ್ಲದವರಿಗೆ ಆಗದ ಕೆಲಸ. ಅಪರ್ಣಾ ಓದಿಕೊಂಡವರು. ಗಂಡ ನಾಗರಾಜ ವಸ್ತಾರೆ ವೃತ್ತಿಯಲ್ಲಿ ವಾಸ್ತುಶಿಲ್ಪಿ, ಜೊತೆಗೆ ಕವಿ, ಕಥೆಗಾರ. ಅದು ಪುಸ್ತಕದ ಮನೆ.

ಒಂದು ತೊಡಕೂ ಇತ್ತು. ನಿರೂಪಕಿ ಅಂತ ಹೆಸರಾದವರಿಗೆ ಪಾತ್ರ ಕೊಡುವಾಗ ನಿರ್ದೇಶಕರಿಗೆ ಆ ನಿರೂಪಕಿಯೇ ಕಾಣಿಸುತ್ತಾಳೆ. ಸೀರೆ, ಮುಡಿ, ಅಳೆದು ತೂಗಿದ ಮಾತು. ವೈಶಾಲಿ ಕಾಸರವಳ್ಳಿ ಅವರ ‘ಮೂಡಲ ಮನೆ’, ಟಿ.ಎನ್. ಸೀತಾರಾಮ್ ಅವರ ‘ಮುಕ್ತ’ ಧಾರಾವಾಹಿಗಳಲ್ಲಿ ಅವರಿಗೆ ಒಳ್ಳೆಯ ಜಾಗ ಸಿಕ್ಕಿತು. ಈ ಇಬ್ಬರೂ ಮಾತಿಗೆ ಬೆಲೆ ಕೊಡುವವರು. ಆದರೂ ಕಿರುತೆರೆಯಲ್ಲಿ ಅಪರ್ಣಾ ಅಂದರೆ ಗೌರವದ ಹೆಂಗಸು, ಅಷ್ಟೇ. ಚಿನ್ನದ ಪಂಜರವೂ ಪಂಜರವೇ. ಎರಡು ಸಾವಿರದ ನಂತರ ವಾಹಿನಿಗಳ ಭಾಷೆಯೂ ಬದಲಾಯಿತು. ಹೊಸ ಹುಡುಗ ಹುಡುಗಿಯರು ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಬೆರೆಸಿ ಪಟಪಟ ಅನ್ನತೊಡಗಿದರು. ಅವರ ಮಧ್ಯೆ ಅಪರ್ಣಾ ಮಾತು ಯಾವುದೋ ಕಾಲದ್ದು ಅನ್ನಿಸತೊಡಗಿತ್ತು.

2013ರಲ್ಲಿ ಅವರು ‘ಬಿಗ್ ಬಾಸ್’ ಕನ್ನಡದ ಮೊದಲ ಸೀಸನ್‌ಗೆ ಹೋದರು. ಈಟಿವಿ ಕನ್ನಡದಲ್ಲಿ ಬಂತು, ಸುದೀಪ್ ನಡೆಸಿಕೊಟ್ಟರು, ಮನೆ ಇದ್ದದ್ದು ಮಹಾರಾಷ್ಟ್ರದ ಲೋಣಾವಳದಲ್ಲಿ. ಗೆದ್ದಿದ್ದು ವಿಜಯ್ ರಾಘವೇಂದ್ರ. ‘ಇವರಿಗೆ ಇದೆಲ್ಲ ಬೇಕಿತ್ತಾ’ ಅಂತ ಮೂಗು ಮುರಿದವರು ಇದ್ದರು, ನಾನೂ ಅವರಲ್ಲಿ ಒಬ್ಬ. ಈಗ ಅನ್ನಿಸುತ್ತದೆ, ಬೇಕಿತ್ತು. ಇಪ್ಪತ್ತು ವರ್ಷ ಅರ್ಧ ನಿಮಿಷದ ಚೌಕಟ್ಟಿನಲ್ಲಿ ಕೂತವರು ಮೊದಲ ಸಲ ಚೌಕಟ್ಟಿನಿಂದ ಎದ್ದು ಓಡಾಡಿದರು. ಮುಡಿ ಬಿಚ್ಚಿದ, ಬೇಜಾರಾದ, ಕಾಫಿ ಲೋಟ ಹಿಡಿದ ಅಪರ್ಣಾರನ್ನು ಜನ ನೋಡಿದರು. ಮುಂದೆ ಆಗಿದ್ದಕ್ಕೆ ಅದು ದಾರಿ ಮಾಡಿತು ಅಂತ ನನ್ನ ಲೆಕ್ಕ.

ಒನ್ ಅಂಡ್ ಓನ್ಲಿ

2015ರ ಫೆಬ್ರವರಿಯಲ್ಲಿ ಸೃಜನ್ ಲೋಕೇಶ್ ಅವರ ‘ಮಜಾ ಟಾಕೀಸ್’ ಶುರುವಾಯಿತು. ವಾರದ ಕೊನೆಯಲ್ಲಿ ಊಟದ ಹೊತ್ತಿಗೆ ಸರಿಯಾಗಿ ಬರುವ ನಗೆ ಕಾರ್ಯಕ್ರಮ. ಅದರಲ್ಲಿ ಅಪರ್ಣಾಗೆ ವರಲಕ್ಷ್ಮಿ ಪಾತ್ರ. ಎಲ್ಲರ ಬಾಯಲ್ಲೂ ‘ವರೂ’. ಬಡಾಯಿ, ಬಿನ್ನಾಣ, ಕೈ ತಿರುವು, ಕಣ್ಣು ತಿರುವು. ತನ್ನ ಹೆಸರನ್ನು ತಾನೇ ಬಿರುದಿನ ಹಾಗೆ ಕೂಗಿಕೊಳ್ಳುತ್ತಾಳೆ: ‘ಒನ್ ಅಂಡ್ ಓನ್ಲಿ ವರಲಕ್ಷ್ಮಿ’.

ಅಚ್ಚಕನ್ನಡಕ್ಕೆ ಹೆಸರಾದ ಹೆಂಗಸು ಮೂವತ್ತು ವರ್ಷ ದುಡಿದ ಮೇಲೆ ಮನೆಮಾತಾಗಿದ್ದು ಒಂದು ಇಂಗ್ಲಿಷ್ ಸಾಲಿನಿಂದ. ತಮಾಷೆ ಅಂದರೆ ಇದು.

ಈ ಪಾತ್ರವನ್ನು ಬರೀ ಗಲಾಟೆ ಅಂತ ತಳ್ಳಿಹಾಕುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ಅವರು ಅಲ್ಲಿ ಮಾಡಿದ್ದು ತಮ್ಮ ಉಪಕರಣವನ್ನೇ ತಲೆಕೆಳಗು ಮಾಡಿ ನುಡಿಸುವ ಕೆಲಸ. ವಾಕ್ಯದ ಕೊನೆ ಇಳಿಸುತ್ತಿದ್ದವರು ಇಲ್ಲಿ ಪ್ರತಿ ವಾಕ್ಯವನ್ನೂ ಮೇಲಕ್ಕೆ ಎಸೆದರು. ನಿಧಾನ ಇದ್ದ ಕಡೆ ಆತುರ ತಂದರು. ‘ವರಲಕ್ಷ್ಮಿ’ ಅನ್ನುವ ಹೆಸರನ್ನು ರಬ್ಬರಿನಂತೆ ಎಳೆದರು. ಆದರೆ ಎಷ್ಟೇ ಎಳೆದರೂ ‘ಕ್ಷ’ ಒಡೆಯುತ್ತಿರಲಿಲ್ಲ. ನಗು ಬರುತ್ತಿದ್ದದ್ದು ಅಲ್ಲೇ. ಸರಿಯಾಗಿ ಹಾಡಲು ಬರುವವರು ಮಾತ್ರ ಬೇಕೆಂದೇ ಅಪಸ್ವರ ಹಾಡಿ ನಗಿಸಬಲ್ಲರು. ಬಾರದವರು ಹಾಡಿದರೆ ಅದು ಬರೀ ಅಪಸ್ವರ.

ಸಿನಿಮಾ ಮಾತ್ರ ಕೊನೆಯವರೆಗೂ ಸಣ್ಣ ಪಾತ್ರದಲ್ಲೇ ನಿಂತಿತು. 2024ರ ಮೇ ತಿಂಗಳಲ್ಲಿ ಬಂದ ‘ಗ್ರೇ ಗೇಮ್ಸ್’ ಅವರ ಕೊನೆಯ ಚಿತ್ರ. ನಾಯಕ ಅದೇ ವಿಜಯ್ ರಾಘವೇಂದ್ರ. ಅಪರ್ಣಾ ಅದರಲ್ಲೂ ಪೋಷಕ ನಟಿ. ಹೆಚ್ಚಿನವರು ನೋಡುವ ಮೊದಲೇ ಚಿತ್ರಮಂದಿರಗಳಿಂದ ಹೋಯಿತು.

ಹೆಸರಿಲ್ಲದ ಪಾತ್ರ

ನಮ್ಮ ಮೆಟ್ರೊದ ಮೊದಲ ರೈಲು ಓಡಿದ್ದು 2011ರ ಅಕ್ಟೋಬರ್ 20ರಂದು. ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆವರೆಗೆ, ಆರು ನಿಲ್ದಾಣ, ಏಳು ಕಿಲೋಮೀಟರಿಗೂ ಕಡಿಮೆ. ಬೆಂಗಳೂರಿಗರು ಪಿಕ್‌ನಿಕ್‌ಗೆ ಹೋದಂತೆ ಹೋಗಿ ಬಂದರು. ರೈಲಿನ ಕನ್ನಡದ ಪ್ರಕಟಣೆಗೆ ದನಿ ಅಪರ್ಣಾರದು.

ಈ ಕೆಲಸದ ಒಳಗನ್ನು ಸ್ವಲ್ಪ ನೋಡಬೇಕು. ಇದರಲ್ಲಿ ಕಥೆ ಇಲ್ಲ, ಭಾವ ಇಲ್ಲ. ‘ಮುಂದಿನ ನಿಲ್ದಾಣ’ ಅನ್ನುವುದು ಒಂದು ತುಂಡು, ನಿಲ್ದಾಣದ ಹೆಸರು ಒಂದು ತುಂಡು, ಬಾಗಿಲು ಯಾವ ಕಡೆ ಅನ್ನುವುದು ಇನ್ನೊಂದು. ಯಂತ್ರ ಈ ತುಂಡುಗಳನ್ನು ಜಾಗಕ್ಕೆ ತಕ್ಕಂತೆ ಜೋಡಿಸಿ ನುಡಿಸುತ್ತದೆ. ಹಾಗಾಗಿ ಪ್ರತಿ ತುಂಡೂ ಒಂದೇ ಏರಿಳಿತದಲ್ಲಿ ಇರಬೇಕು, ಇಲ್ಲದಿದ್ದರೆ ಹೊಲಿಗೆ ಕಾಣಿಸುತ್ತದೆ. ಸಾಯಂಕಾಲದ ನೂಕುನುಗ್ಗಲಿನಲ್ಲೂ ಅರ್ಥವಾಗಬೇಕು. ದಿನಕ್ಕೆ ಎರಡು ಸಲ, ವರ್ಷಗಟ್ಟಲೆ ಕೇಳಿದರೂ ಕಿರಿಕಿರಿ ಆಗಬಾರದು. ಈ ಕೊನೆಯದು ಬಲು ಕಷ್ಟ. ತುಂಬ ಸಿಹಿಯಾಗಿದ್ದರೆ ವಾರದಲ್ಲಿ ಬೇಸರ, ತುಂಬ ಒಣಗಿದ್ದರೆ ಬ್ಯಾಂಕಿನ ರೆಕಾರ್ಡಿಂಗ್. ದೂರದರ್ಶನದ ಆ ಅರ್ಧ ನಿಮಿಷದ ಕುರ್ಚಿ ಕಲಿಸಿದ್ದೆಲ್ಲ ಇಲ್ಲಿ ಕೆಲಸಕ್ಕೆ ಬಂತು. ಇಲ್ಲೂ ವಾಕ್ಯದ ಕೊನೆ ಇಳಿಯುತ್ತದೆ, ಗಮನಿಸಿ.

ಕನ್ನಡ ಬಾರದವರಿಗೂ ಈ ದನಿಯಿಂದ ಒಂದೆರಡು ಕನ್ನಡ ಪದ ಬಂದಿದೆ. ಒಮ್ಮೆ ಹಲಸೂರು ದಾಟುವಾಗ ನನ್ನ ಎದುರಿಗೆ ಬಿಹಾರದ ಇಬ್ಬರು ಹುಡುಗರು ಕೂತಿದ್ದರು. ಒಬ್ಬ ‘ಮುಂದಿನ ನಿಲ್ದಾಣ’ ಅಂತ ದನಿಯ ಜೊತೆಗೇ ಹೇಳಿ ನಕ್ಕ. ಅವನ ‘ಣ’ ನನ್ನದಕ್ಕಿಂತ ಚೆನ್ನಾಗಿತ್ತು, ನಿಜ ಹೇಳಬೇಕೆಂದರೆ.

ವೃತ್ತಿಯ ದೃಷ್ಟಿಯಿಂದ ಒಂದು ವಿಚಿತ್ರ ಇದೆ. ಅಪರ್ಣಾರನ್ನು ಎಲ್ಲಕ್ಕಿಂತ ಹೆಚ್ಚು ಜನ ಕೇಳಿದ್ದು ಈ ಕೆಲಸದಲ್ಲಿ. ಆದರೆ ಇದಕ್ಕೆ ಶೀರ್ಷಿಕೆ ಪಟ್ಟಿಯೇ ಇಲ್ಲ. ರೈಲಿನಲ್ಲಿ ಯಾರೂ ‘ದನಿ: ಅಪರ್ಣಾ’ ಅಂತ ಬರೆದು ಅಂಟಿಸುವುದಿಲ್ಲ. ಎಂಬತ್ತರ ದಶಕದಲ್ಲಿ ಡಬ್ಬಿಂಗ್ ಕೋಣೆಯಲ್ಲಿ ನಿಂತು ಬೇರೆಯವರ ಮುಖಕ್ಕೆ ದನಿ ಕೂರಿಸಿದ ಹೆಂಗಸರಿಗೂ ಹೀಗೇ ಆಗಿತ್ತು.

2022ರ ಜುಲೈನಲ್ಲಿ ಅವರಿಗೆ ಶ್ವಾಸಕೋಶದ ಕ್ಯಾನ್ಸರ್ ಇರುವುದು ಗೊತ್ತಾಯಿತು. ಅಷ್ಟರಲ್ಲಾಗಲೇ ನಾಲ್ಕನೇ ಹಂತ. ವೈದ್ಯರು ಕೊಟ್ಟಿದ್ದು ಆರು ತಿಂಗಳ ಗಡುವು, ಅವರು ಎರಡು ವರ್ಷ ಇದ್ದರು. ಹೊರಗಿನವರಿಗೆ ಸುದ್ದಿಯೇ ಗೊತ್ತಾಗಲಿಲ್ಲ. 2024ರ ಜುಲೈ 11ರ ರಾತ್ರಿ ಬೆಂಗಳೂರಿನ ಬನಶಂಕರಿಯ ಮನೆಯಲ್ಲಿ ತೀರಿಕೊಂಡರು. ವಯಸ್ಸು 57. ವಸ್ತಾರೆ ಮಾಧ್ಯಮದ ಮುಂದೆ ಬಂದು ಕಾಯಿಲೆಯ ವಿಷಯ ಹೇಳಿದಾಗಲೇ ಎಲ್ಲರಿಗೂ ತಿಳಿದಿದ್ದು.

ಮರುದಿನ ಬೆಳಿಗ್ಗೆ ನಾನು ನೇರಳೆ ಮಾರ್ಗದಲ್ಲಿದ್ದೆ. ಇಂದಿರಾನಗರದಲ್ಲಿ ಇಬ್ಬರು ಹೆಂಗಸರು ಹತ್ತಿದರು. ಇಬ್ಬರ ಕೈಯಲ್ಲೂ ಟಿಫಿನ್ ಡಬ್ಬಿಯ ಚೀಲ. ಒಬ್ಬರು ಮೊಬೈಲಿನಲ್ಲಿ ಸುದ್ದಿ ತೋರಿಸಿ, “ಪಾಪ, ಮಜಾ ಟಾಕೀಸ್ ವರೂ ಹೋಗ್ಬಿಟ್ರಂತೆ” ಅಂದರು. ಇನ್ನೊಬ್ಬರು ಸುದ್ದಿಯನ್ನು ಪೂರ್ತಿ ಓದಿ ತಲೆ ಎತ್ತಿದರು.

“ಈ ಮೆಟ್ರೊದಲ್ಲಿ ಮಾತಾಡೋದೂ ಅವರೇ ಅಂತೆ ಕಣೆ.”

“ಯಾರು, ವರೂನಾ? ಹೋಗೇ. ಇದೆಷ್ಟು ಗಂಭೀರವಾಗಿದೆ. ಅವರು ಹೇಗೆ ಕಿರುಚ್ತಿದ್ರು, ನೋಡಿಲ್ವಾ ನೀನು?”

“ಇಲ್ಲಿ ಬರೆದಿದಾರಲ್ಲ.”

“ಬರೆದಿರ್ತಾರೆ. ಇದು ಬೇರೆ ಯಾರೋ.”

ಮೇಲಿನ ಸ್ಪೀಕರಿನಿಂದ ಮುಂದಿನ ನಿಲ್ದಾಣದ ಹೆಸರು ಬಂತು. ಇಬ್ಬರೂ ಸುಮ್ಮನಾಗಿ ಕೇಳಿಸಿಕೊಂಡರು. ಮೊದಲನೆಯವರು ಹುಬ್ಬು ಏರಿಸಿ ನೋಡಿದರು. ಎರಡನೆಯವರು ಇಲ್ಲ ಅನ್ನುವಂತೆ ತಲೆ ಆಡಿಸಿದರು. ಎಂ.ಜಿ. ರಸ್ತೆಯಲ್ಲಿ ಇಳಿಯುವಾಗಲೂ ಅವರಿನ್ನೂ ಒಪ್ಪಿರಲಿಲ್ಲ.